ಹಣೆಯಿಂದ ಇಳಿದ ಮೂಗು

ಮಾರ್ಚ್ 3
ಇವತ್ತೂ ಬೆಳಿಗ್ಗೆಯಿಂದ ಕ್ಲಾಸ್. ಕಾರು ಕಲಿಯಲು ಬರುವ ಬ್ಯಾಂಕಿನ ಗುಮಾಸ್ತರು ರಿವರ್ಸ್ ಹಾಕಿ ಮುಂದೆ ನೋಡುತ್ತಾರೆ. ಕೂಗಿ ಕೂಗಿ ಗಂಟಲು ಒಣಗಿತು. ಡ್ರೈವಿಂಗ್ ಸ್ಕೂಲಿನಲ್ಲಿ ನನಗೆ ‘ಬ್ರೇಕ್ ಮೇಡಂ’ ಅಂತ ಸುಮ್ಮನೆ ಹೆಸರಿಟ್ಟಿಲ್ಲ.

ಸಂಜೆ ರಿಪೋರ್ಟ್ ಬಂತು. ಮೂಗಿನ ತುದಿಯ ವಾಸಿಯಾಗದ ಆ ಹುಣ್ಣು — ಕ್ಯಾನ್ಸರ್. ಬೇರೆ ಕಡೆಗೆ ಹರಡುವ ಜಾತಿಯದಲ್ಲವಂತೆ. ಆದರೆ ಅರ್ಧ ಮೂಗು ತೆಗೆಯಲೇಬೇಕು. ಡಾಕ್ಟರಮ್ಮ ನನಗಿಂತ ಚಿಕ್ಕವರು. “ತೆಗೆದದ್ದನ್ನ ಮತ್ತೆ ಕಟ್ಟಿಕೊಡ್ತೀನಿ,” ಅಂದರು. “ನಿಮ್ಮ ಹಣೆ ಚರ್ಮದಿಂದಲೇ.”

‘ನಿನಗೆ ಮೂಗಿನ ತುದಿಯಲ್ಲೇ ಕೋಪ’ ಅಂತ ನನ್ನವರು ದಿನಾ ರೇಗಿಸುತ್ತಾರೆ. ಇವತ್ತು ರೇಗಿಸಲಿಲ್ಲ.

ಮಾರ್ಚ್ 4
ಅತ್ತೆಗೆ ಹೇಳಿದೆವು. ದೊಡ್ಡಾಸ್ಪತ್ರೆ ಅಂದ ಕೂಡಲೇ ಎದ್ದು ನಿಂತರು.

“ಆ ಬಿಳಿಯರು ಕಟ್ಟಿದ್ದಕ್ಕಾ? ಬೇಡವೇ ಬೇಡ.”

ಅವರ ಅಜ್ಜಿಯ ಕಥೆ. ಬಿಳಿಯರ ಆಳ್ವಿಕೆ. ದೊರೆಗಳಿಗೆ ಒಳಗೆ ಮಂಚ, ನಮ್ಮವರಿಗೆ ಹಿಂದಿನ ಜಗಲಿ. ಅಜ್ಜಿಯ ಕೆನ್ನೆಯ ಗಡ್ಡೆ ಕೊಯ್ಯುವ ದಿನ ಕ್ಲೋರೋಫಾರ್ಮ್ ಕೊಡಲಿಲ್ಲ. ಯಾರೋ ದೊರೆಸಾನಿಗೆ ಬೇಕು ಅಂತ ಎತ್ತಿಟ್ಟಿದ್ದರಂತೆ. ಗಂಡಸರು ಕೈಕಾಲು ಒತ್ತಿ ಹಿಡಿದರು. ಎಲ್ಲಿ, ಎಷ್ಟು ಕೊಯ್ಯುತ್ತೇವೆ ಅಂತ ಯಾರೂ ಹೇಳಲೂ ಇಲ್ಲ. ಅಜ್ಜಿ ಬದುಕಿದರು. ಆ ರಸ್ತೆಗೆ ಮಾತ್ರ ಮತ್ತೆ ಕಾಲಿಡಲಿಲ್ಲ. ಅತ್ತೆಯೂ ಇಟ್ಟವರಲ್ಲ.

ಮಾರ್ಚ್ 11
ನಾಳೆ ಆಪರೇಷನ್. ಡಾಕ್ಟರಮ್ಮ ಹಾಸಿಗೆ ಪಕ್ಕ ಕೂತು ಕನ್ನಡಿಯನ್ನು ನನ್ನ ಕೈಗೇ ಕೊಟ್ಟರು. ಹಣೆಯ ಮೇಲೆ ಪೆನ್ನಿನಿಂದ ಗೀಟು ಹಾಕಿ ತೋರಿಸಿದರು. ಚರ್ಮವನ್ನು ಎಬ್ಬಿಸಿ, ಹುಬ್ಬಿನ ಹತ್ತಿರ ಮಾತ್ರ ಕತ್ತರಿಸದೆ ಬಿಟ್ಟು, ತಿರುಗಿಸಿ ಮೂಗಿಗೆ ಹೊಲಿಯುವುದು. ರಕ್ತ ಅಲ್ಲಿಂದಲೇ ಇಳಿಯಬೇಕು. ಕೆಲವು ವಾರ ಸೊಂಡಿಲಿನ ಹಾಗೆ ಇರುತ್ತದೆ. ಬೇರೂರಿದ ಮೇಲೆ ಬಿಡಿಸುತ್ತಾರೆ.

ಅತ್ತೆ ಬೇಡ ಅಂದದ್ದನ್ನು ಡಾಕ್ಟರಮ್ಮನಿಗೆ ಹೇಳಿದೆ. “ಇದು ಬಿಳಿಯರು ತಂದ ವಿದ್ಯೆ ಅಲ್ಲ. ನಮ್ಮವರು ಮಾಡ್ತಿದ್ದನ್ನ ಅವರ ಡಾಕ್ಟರುಗಳು ನೋಡಿ ಕಲಿತದ್ದು. ನಿಮ್ಮ ಅತ್ತೆಗೆ ಹೇಳಿ. ನಿಮಗೆ ಬೇಡ ಅನ್ಸಿದ್ರೂ ಹೇಳಿ, ಈಗಲೇ ನಿಲ್ಲಿಸ್ತೀನಿ.”

ನನ್ನವರು ದರ್ಜಿ. ಗೀಟನ್ನೇ ನೋಡುತ್ತಿದ್ದವರು ಮೆಲ್ಲಗೆ ಕೇಳಿದರು: “ಬಟ್ಟೆ ಸಾಕಾಗುತ್ತಾ?”

“ಸಾಕಾಗುತ್ತೆ ಸರ್. ಹಣೆ ಅಗಲ ಇದೆ.”

ಸಹಿ ಹಾಕಿದೆ.

ಮಾರ್ಚ್ 14
ಕ್ಯಾನ್ಸರ್ ಪೂರ್ತಿ ಹೋಗಿದೆಯಂತೆ. ಆದರೆ ಹೊಸ ಮೂಗು ನೇರಳೆ ಬಣ್ಣಕ್ಕೆ ತಿರುಗಿದೆ. ರಕ್ತ ಒಳಗೆ ಬರುತ್ತಿದೆ, ಹೊರಗೆ ಹೋಗುತ್ತಿಲ್ಲ. ಹೀಗೇ ಇದ್ದರೆ ಚರ್ಮ ಸಾಯುತ್ತದೆ...

ಡಾಕ್ಟರಮ್ಮ ಜಿಗಣೆ ತರಿಸಿದ್ದಾರೆ! ಔಷಧಕ್ಕೆಂದೇ ಸಾಕಿದ್ದು. ಕೆಟ್ಟ ರಕ್ತ ಹೀರಿಕೊಳ್ಳಲಿ ಅಂತ.

ಫೋನಿನಲ್ಲಿ ಅತ್ತೆ: “ಇಷ್ಟೆಲ್ಲಾ ಓದಿ ಕೊನೆಗೆ ಜಿಗಣೆನಾ? ಕೆರೆಯಿಂದ ನಾನೇ ತಂದುಕೊಡ್ತಿದ್ನಲ್ಲ!”

ನಗಬಾರದು ಅಂದಿದ್ದಾರೆ. ನಕ್ಕೆ. ಹೊಲಿಗೆ ಎಳೆಯಿತು.

ಮಾರ್ಚ್ 16, ಬೆಳಿಗ್ಗೆ
ಡಾಕ್ಟರಮ್ಮ ಬೆರಳಿನಿಂದ ಒತ್ತಿದರು. ಬಿಳಿಚಿತು. ಕೈ ತೆಗೆದರು — ಗುಲಾಬಿ! “ಬದುಕ್ತು!” ಇಡೀ ವಾರ್ಡಿಗೆ ಕೇಳುವ ಹಾಗೆ ಕೂಗಿದರು. ಆಪರೇಷನ್ ಆದಾಗಿನಿಂದ ಮನೆಗೇ ಹೋಗಿರಲಿಲ್ಲವಂತೆ, ನರ್ಸ್ ಹೇಳಿದರು. ಎದುರು ಮಂಚದ ಮುರಿದ ಕಾಲಿನಾಕೆ ಚಪ್ಪಾಳೆ ತಟ್ಟಿದರು. ಗೊತ್ತಿಲ್ಲದವರ ಮೂಗಿಗೆ ಚಪ್ಪಾಳೆ!

ಮಾರ್ಚ್ 25
ಮನೆ. ಸೊಂಡಿಲಿನ ಜೊತೆ. ಮೂಗಿನ ಮೇಲೆ ನೊಣ ಕೂತರೆ ಹಣೆ ತುರಿಸುತ್ತದೆ. ಪಕ್ಕದ ಮನೆಯಾಕೆ ನೋಡಿ ಮೂಗಿನ ಮೇಲೆ ಬೆರಳಿಟ್ಟರು — ಅವರದರ ಮೇಲೆ. ಬಾಗಿಲು ಹಾಕಿಕೊಂಡುಬಿಡೋಣ ಅನ್ನಿಸಿತು. ಚೀಲ ಹಿಡಿದು ತರಕಾರಿಗೆ ಹೋದೆ.

ಏಪ್ರಿಲ್ 4
ಸೊಂಡಿಲು ಬಿಡಿಸಿದರು. ಅತ್ತೆ ಬಂದಿದ್ದರು! “ಹಿಂದಿನ ಜಗಲಿಯಿಂದಲ್ಲ. ಮುಂಬಾಗಿಲಿಂದ ಹೋಗೋದು,” ಅಂದರು. ಮಂಡಿ ನೋವಿನಲ್ಲೂ ಆ ಕಲ್ಲಿನ ಮೆಟ್ಟಿಲು ನಿಧಾನವಾಗಿ, ತಲೆ ಎತ್ತಿಕೊಂಡು ಹತ್ತಿದರು.

ಮರಗಟ್ಟುವ ಇಂಜೆಕ್ಷನ್ ಅಷ್ಟೇ, ಎಚ್ಚರ ಇರುತ್ತದೆ. ಡಾಕ್ಟರಮ್ಮ ಅತ್ತೆಯನ್ನೂ ಒಳಗೆ ಕರೆದರು. ಅತ್ತೆಯ ಮುಖ ಬಾಡಿತು.

“ನಾನೂ ಒತ್ತಿ ಹಿಡೀಬೇಕಾ?”

“ಒತ್ತಿ ಹಿಡಿಯೋಕಲ್ಲಮ್ಮ. ಸುಮ್ನೆ ಕೈ ಹಿಡ್ಕೊಂಡಿರೋಕೆ.”

ಗೌನು, ಟೋಪಿ ಹಾಕಿಸಿ ಸ್ಟೂಲಿನ ಮೇಲೆ ಕೂರಿಸಿದರು. ಅತ್ತೆ ಉದ್ದಕ್ಕೂ “ನೋಯ್ತಿದ್ಯೇನೇ? ನೋಯ್ತಿದ್ಯಾ?”

“ಅಮ್ಮ, ಇನ್ನೊಂದು ಸಲ ಕೇಳಿದ್ರೆ ನನಗೇ ನೋಯುತ್ತೆ,” ಅಂದರು ಡಾಕ್ಟರಮ್ಮ.

ಮುಗಿದ ಮೇಲೂ ಅತ್ತೆ ಕೈ ಬಿಡಲಿಲ್ಲ. “ನಮ್ಮಜ್ಜಿನ ಯಾರೂ ಹೀಗೆ ಕೇಳಿರಲಿಲ್ಲ,” ಅಂದರು. ಆಮೇಲೆ ಜೋರಾಗಿ ಅತ್ತರು. ನನ್ನ ಎದುರು ಅವರು ಅತ್ತದ್ದು ಇದೇ ಮೊದಲು.

ಮೇ 9
ಡ್ಯೂಟಿಗೆ ಹಾಜರ್. ಮೂಗು ತುಸು ದಪ್ಪ, ಹಣೆಗೊಂದು ಗೀರು. ನನ್ನವರು ಬೆಳಕಿಗೆ ತಿರುಗಿಸಿ ನೋಡಿ, “ಹೊಲಿಗೆ ಕಾಣೋದೇ ಇಲ್ಲ ಕಣೆ,” ಅಂದರು. ಗುಮಾಸ್ತರು ನನ್ನ ಮುಖ ನೋಡುತ್ತಾ ಲೈಟ್ ಕಂಬದ ಕಡೆ ಹೊರಟರು. ನನ್ನ ಕಡೆಯ ಬ್ರೇಕ್ ಒತ್ತಿ ಕೂಗಿದೆ. ಆಹಾ, ಎಷ್ಟು ದಿನವಾಗಿತ್ತು!

ಮೇ 20
ಹೊಸ ಶಿಷ್ಯೆ — ಡಾಕ್ಟರಮ್ಮ! ಕಾರು ಓಡಿಸಲು ಬರುವುದಿಲ್ಲವಂತೆ. ಕೂದಲೆಳೆಯಂಥ ದಾರದಲ್ಲಿ ಹೊಲಿಯುವ ಕೈ ಸ್ಟೀರಿಂಗ್ ಮೇಲೆ ಗಡಗಡ. “ಮೇಡಂ, ಬಯ್ಯಬೇಡಿ,” ಅಂತ ಮೊದಲೇ ಕೇಳಿಕೊಂಡರು. ನೋಡೋಣ ಅಂದೆ.

ಮೇ 23, ಸಂಜೆ
ಮೈದಾನದ ಸುತ್ತು ಸಾಕು. ಇವತ್ತು ಅವರನ್ನು ದೊಡ್ಡ ರಸ್ತೆಗೆ ಕರೆದುಕೊಂಡು ಹೋಗುತ್ತೇನೆ. ಬೇಡ ಅನ್ನಬಹುದು. ಕೇಳಿ, ಎಲ್ಲಾ ಹೇಳಿ, ಆಮೇಲೇ... ಹಾರ್ನ್! ಬಂದು, ನನಗಿಂತ ಮೊದಲೇ ಸ್ಕೂಲಿನ ಕಾರು ಹತ್ತಿ ಕೂತುಬಿಟ್ಟಿದ್ದಾರೆ. ಅಯ್ಯೋ, ಗೇಟಿನ ಹತ್ತಿರ ಕ್ಲಚ್ ಬಿಟ್ಟು—