ಎರಡು ಫೋಲ್ಡರಿನ ಅಪ್ಪಯ್ಯ

ಕಳಸ,
೬ ಮೇ ೨೦೦೩

ಪ್ರೀತಿಯ ಪ್ರಸಾದಣ್ಣಾ,

ಹೇಗಿದ್ದೀಯ? ಅಲ್ಲಿನ ಚಳಿಗೆ ಕೈಬೆರಳು ಒಡೆದಿವೆ ಎಂದು ಬರೆದಿದ್ದೆ, ಈಗ ವಾಸಿಯೇ? ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿಕೋ ಅನ್ನುತ್ತಾಳೆ. ಆ ಗಡಿಯಲ್ಲಿ ಎಣ್ಣೆಯೂ ಕಲ್ಲಾಗುತ್ತದೆ ಎಂದರೆ ನಂಬುವುದಿಲ್ಲ. ನಾವೆಲ್ಲ ಕ್ಷೇಮ ಎಂದು ಬರೆಯಬೇಕು, ಬರೆಯಲು ಕೈ ಬರುತ್ತಿಲ್ಲ. ನನಗೆ ದಿಕ್ಕೇ ತೋಚುತ್ತಿಲ್ಲ ಅಣ್ಣ.

ನನ್ನ ಧಾರೆಗೆ ಇನ್ನು ಮೂರು ವಾರವೂ ಇಲ್ಲ. ಗಂಟಲಿನ ಆಪರೇಷನ್ ಆಗಿ ಮಾತು ಹೋದ ಮೇಲೆ ಅಪ್ಪಯ್ಯ ಎಲ್ಲದಕ್ಕೂ ತಲೆಯಾಡಿಸುತ್ತಾರೆ. ಕನ್ಯಾದಾನದ ಸಂಕಲ್ಪವನ್ನು ಅವರ ಬದಲು ಪುರೋಹಿತರೇ ಹೇಳಲಿ ಎಂದಾಗಲೂ ತಲೆಯಾಡಿಸಿದರು. ಹೈಸ್ಕೂಲಿನಲ್ಲಿ ಪಾಠ ಮಾಡಿದರೆ ಆಟದ ಬಯಲಿಗೆ ಕೇಳುತ್ತಿದ್ದ ಮನುಷ್ಯ! ನಾನು ಒಪ್ಪಲಿಲ್ಲ. ಮಿಲಿಟರಿಗೆ ಹೋಗುವ ಮೊದಲು ನೀನು ಅವರ ಮಾತುಗಳನ್ನು ಒಂದೊಂದಾಗಿ ರೆಕಾರ್ಡ್ ಮಾಡಿ, ಟೈಪ್ ಮಾಡಿದ್ದನ್ನು ಅವರ ದನಿಯಲ್ಲೇ ಹೇಳುವಂತೆ ಕಟ್ಟಿದ ಪ್ರೋಗ್ರಾಮ್ ಇದೆಯಲ್ಲ, ಸಂಕಲ್ಪದ ಮಾತುಗಳೂ ಅದರಲ್ಲಿವೆ. ಅವರು ಟೈಪ್ ಮಾಡಲಿ, ಅವರ ದನಿಯೇ ನನ್ನನ್ನು ಧಾರೆಯೆರೆಯಲಿ ಎಂದು ಹಟ ಹಿಡಿದೆ.

ನಿನ್ನ ಯುನಿಕ್ಸ್ ಕಂಪ್ಯೂಟರನ್ನು ಛತ್ರಕ್ಕೆ ಹೊತ್ತುಕೊಂಡು ಹೋಗಲಾದೀತೇ? ನಾನು ಕೆಲಸಕ್ಕೆ ಹೋಗುವ ಎಸ್ಟೇಟ್ ಆಫೀಸಿನಿಂದ ವಿಂಡೋಸಿನ ಲ್ಯಾಪ್‌ಟಾಪ್ ಕೇಳಿ ತಂದೆ. ನಿನ್ನ ಪ್ರೋಗ್ರಾಮನ್ನು ಅದಕ್ಕೆ ಹೊಂದಿಸುವಷ್ಟರಲ್ಲಿ ಜೀವ ಹಣ್ಣಾಯಿತು. ಫೈಲಿನ ದಾರಿ ಬರೆಯುವಾಗ ಯುನಿಕ್ಸಿನ ಓರೆಗೆರೆ ಒಂದು ಕಡೆ ವಾಲಿದರೆ ವಿಂಡೋಸಿನದು ಇನ್ನೊಂದು ಕಡೆ. ಅದನ್ನು ತಿದ್ದಿದರೆ ಡ್ರೈವಿನ ಹೆಸರಿನ ಮುಂದಿನ ಎರಡು ಚುಕ್ಕಿಗೆ ಮುಗ್ಗರಿಸಿತು. ಫೋಲ್ಡರಿನ ಹೆಸರಿನ ನಡುವೆ ಜಾಗ ಬಿಟ್ಟಿದ್ದಕ್ಕೆ ಅರ್ಧ ಹೆಸರು ಓದಿ ಅಂಥದ್ದು ಇಲ್ಲವೇ ಇಲ್ಲ ಎಂದಿತು. ಎಲ್ಲೆಲ್ಲೂ ನಿನ್ನ ಕಂಪ್ಯೂಟರಿನ ದಾರಿಯನ್ನೇ ಬರೆದಿಟ್ಟಿದ್ದೀಯಲ್ಲ ಮಾರಾಯ, ಬೇರೆಯವರು ಮುಟ್ಟಬಹುದು ಎಂದು ಹೊಳೆಯಲಿಲ್ಲವೇ? ಬೈದುಕೊಂಡೇ ತಿದ್ದಿದೆ. ಕೊನೆಗೆ ಅದು ಮಾತಾಡಿತು.

ಆದರೆ ಒಂದು ಮಾತು ಹಳೆಯ ಗಟ್ಟಿ ದನಿ, ಇನ್ನೊಂದು ಆಸ್ಪತ್ರೆಯ ಗೊಗ್ಗರು ದನಿ. ಅಪ್ಪಯ್ಯ ಕೇಳಿ ಮುಖ ತಿರುಗಿಸಿದರು. ಆಮೇಲೆ ಗೊತ್ತಾಯಿತು ನನ್ನ ಎಡವಟ್ಟು. ಮನೆಯಲ್ಲಿ ಹಿಡಿದ ಒಳ್ಳೆಯ ದನಿಯ ಫೋಲ್ಡರಿಗೆ ನೀನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಅಪ್ಪಯ್ಯ ಎಂದು ಹೆಸರಿಟ್ಟಿದ್ದೆ. ಆಪರೇಷನ್ನಿನ ಹಿಂದಿನ ದಿನ ವಾರ್ಡಿನಲ್ಲಿ ಹಿಡಿದದ್ದಕ್ಕೆ ಅದೇ ಹೆಸರು, ಚಿಕ್ಕಕ್ಷರದಲ್ಲಿ. ಯುನಿಕ್ಸಿಗೆ ಅವು ಬೇರೆ ಬೇರೆ, ವಿಂಡೋಸಿಗೆ ಎರಡೂ ಒಂದೇ. ಕಾಪಿ ಮಾಡುವಾಗ ಇದ್ದದ್ದರ ಮೇಲೆ ಹಾಕಲೇ ಎಂದು ಕೇಳಿತು. ಒಂದೊಂದು ಫೈಲಿಗೂ ಯಾರು ಉತ್ತರ ಕೊಡುತ್ತಾರೆ ಎಂದು, ಎಲ್ಲದಕ್ಕೂ ಹೌದು ಎಂದು ಒತ್ತಿಬಿಟ್ಟೆ. ಎರಡರಲ್ಲೂ ಇದ್ದ ಮಾತುಗಳಲ್ಲಿ ಮನೆಯದು ಅಳಿದು ವಾರ್ಡಿನದೇ ಉಳಿಯಿತು. ಹೋಗಲಿ, ಮೂಲ ಇದೆಯಲ್ಲ, ಮತ್ತೆ ಕಾಪಿ ಮಾಡಿದರಾಯಿತು ಎಂದುಕೊಂಡೆ.

ಮಾರನೆಯ ಸಂಜೆಯೇ ಭರಣಿ ಮಳೆಯ ಗುಡುಗು. ಅಮ್ಮ ಯಾವತ್ತಿನಂತೆ ಓಡಿಹೋಗಿ ಟಿ.ವಿ., ಫೋನಿನ ವೈರು ಕಿತ್ತಳು. ನಿನ್ನ ಕಂಪ್ಯೂಟರ್ ಹೇಗೂ ಬಂದ್ ಆಗಿದೆಯಲ್ಲ ಎಂದು ಅದರ ಪ್ಲಗ್ ಯಾರೂ ತೆಗೆಯಲಿಲ್ಲ. ಸಿಡಿಲಿಗೆ ಒಳಗೆಲ್ಲ ಕರಕಲು, ಡಿಸ್ಕೂ ಹೋಯಿತು. ರಿಪೇರಿಯವರು ಕೈಚೆಲ್ಲಿದ್ದಾರೆ.

ಅಣ್ಣ, ಒಳ್ಳೆಯ ದನಿಯ ಸಿ.ಡಿ. ಒಂದು ನೀನು ಅಲ್ಲಿಗೆ ಒಯ್ದ ಟ್ರಂಕಿನಲ್ಲಿದೆ. ಉಳಿದಿರುವುದು ಅದೊಂದೇ. ಮದುವೆಗೆ ಬರಲು ರಜೆ ಕೇಳುವ ಮನಸ್ಸಿಲ್ಲ ಎಂದು ಬರೆದಿದ್ದೀಯ, ಮತ್ತೆ ಪೀಡಿಸುವುದಿಲ್ಲ. ನಿನ್ನ ಕಾಲಿಗೆ ಬೀಳುತ್ತೇನೆ, ಈ ಪತ್ರ ಸಿಕ್ಕಿದ ಕೂಡಲೇ ಅದನ್ನು ಸ್ಪೀಡ್ ಪೋಸ್ಟ್ ಮಾಡು. ಅಪ್ಪಯ್ಯನ ದನಿಯನ್ನು ನಾನೇ ಕೈಯಾರೆ ಅಳಿಸಿದೆನಲ್ಲ ಎಂದು ಊಟ ಸೇರುತ್ತಿಲ್ಲ.

ಅಮ್ಮನ ಆಶೀರ್ವಾದ. ನಿನಗೆ ಬರೆಯುತ್ತಿದ್ದೇನೆ ಎಂದಾಗ ಅಪ್ಪಯ್ಯನೂ ಕೈಯೆತ್ತಿ ಹರಸಿದರು.

ನಿನ್ನ ತಂಗಿ,
ಪಂಚಮಿ

ಅಂಟು ಹಚ್ಚುವ ಮೊದಲು ಇಷ್ಟು: ಕಾಫಿ ಕುಡಿದ ಮೇಲೆ ಅಪ್ಪಯ್ಯ ದಿನಾ ಲ್ಯಾಪ್‌ಟಾಪಿನ ಮುಂದೆ ಕೂತು "ಸಾಕು" ಎಂದು ಟೈಪ್ ಮಾಡುತ್ತಾರೆ. ದನಿ ಸರಿಹೋಯಿತೇ ಎಂದು ನೋಡುತ್ತಾರೆ ಅಂದುಕೊಂಡಿದ್ದೆ. ಈಗಷ್ಟೇ ಪಕ್ಕದಲ್ಲಿ ನಿಂತು ಪೂರ್ತಿ ಕೇಳಿದೆ. ವಾರ್ಡಿನ ರೆಕಾರ್ಡಿಂಗನ್ನು ನೀನು ಕತ್ತರಿಸಿರಲೇ ಇಲ್ಲ. ಅವರ ಗೊಗ್ಗರು "ಸಾಕು" ಮುಗಿದ ಮೇಲೆ ನಿನ್ನ ದನಿ ಬರುತ್ತದೆ: "ಅಪ್ಪಯ್ಯಾ, ಇನ್ನೊಂದ್ಸಲ ಹೇಳಿ." ಅವರು ಮತ್ತೆ ಒತ್ತುತ್ತಾರೆ. "ನಂಗೆ ಆವತ್ತೇ ಗೊತ್ತಿತ್ತು ಕಣೇ, ಮಗನ್ನ ಕೇಳ್ಸ್ಕೊಳ್ತಿದಾರೆ" ಎಂದಳು ಅಮ್ಮ. ಸಿ.ಡಿ. ಅಂಚೆಗೆ ಹಾಕಬೇಡ. ನೀನೇ ತಗೊಂಡು ಬಾ.