ಬೋರ್‌ವೆಲ್ ನೀರು ಕುಡಿದವಳು

ಪ್ರೀತಿಯ ಅಕ್ಕನಿಗೆ,

ಇವತ್ತು ಬೆಳಿಗ್ಗೆ ರಜೆಗೆ ಬಂದಿರುವ ನಿನ್ನ ಮಗಳು ನನ್ನ ಪಕ್ಕ ನಿಂತು ಹಲ್ಲುಜ್ಜಿದಳು. "ಚಿಕ್ಕಿ, ಎಷ್ಟು ಉಜ್ಜಿದ್ರೂ ನಿನ್ನ ಹಲ್ಲಿನ ಕರೆ ಹೋಗಲ್ವಲ್ಲ! ಅಮ್ಮಂದು ನೋಡು, ಎಷ್ಟು ಬೆಳ್ಳಗಿದೆ" ಅಂದಳು. ನಾನು ಬಾಯಿ ಮುಚ್ಚಿಕೊಂಡೇ ನಕ್ಕೆ.

ನೀನು ಕಳಿಸಿದ ಪತ್ರಿಕೆಯ ತುಣುಕು ತಲುಪಿತು. ಚಿಕ್ಕಂದಿನಲ್ಲಿ ಫ್ಲೋರೈಡ್ ಹೆಚ್ಚಿರುವ ನೀರು ಕುಡಿದರೆ ಹಲ್ಲಿಗೆ ಕರೆ ಹಿಡಿಯುವುದಷ್ಟೇ ಅಲ್ಲ, ಬುದ್ಧಿ ತುಸು ಮಂಕಾಗಬಹುದಂತೆ. ಎಷ್ಟು ಕುಡಿದರೆ ಎಷ್ಟು ಎಂಬುದು ಇನ್ನೂ ಖಚಿತವಿಲ್ಲವಂತೆ. ನಿನಗೆ ಮಾತ್ರ ಖಚಿತವಾಗಿದೆ. "ಟೀಚರ್ ಪರೀಕ್ಷೇಲಿ ಫೇಲಾಗಿದ್ದು ನಿನ್ನ ತಪ್ಪಲ್ಲ ಕಣೇ, ನಮ್ಮೂರಿನ ಆ ಬೋರ್‌ವೆಲ್ ನೀರಿಂದು. ಇನ್ನು ಆ ಆಸೆ ಬಿಟ್ಟುಬಿಡು" ಎಂದು ಅಂಚಿನಲ್ಲಿ ಬರೆದಿದ್ದೀಯ. ಅಮ್ಮ ಓದಿ ಕಣ್ಣೊರೆಸಿಕೊಂಡಳು.

ನಿನ್ನನ್ನು ಓದಲೆಂದು ಪಟ್ಟಣದಲ್ಲಿದ್ದ ದೊಡ್ಡಮ್ಮನ ಮನೆಗೆ ಕಳಿಸಿದರು, ನೀನು ಹೊಳೆಯಿಂದ ಬರುವ ನಲ್ಲಿ ನೀರು ಕುಡಿದು ಬೆಳೆದೆ. ನಿನ್ನ ನಗು, ನಿನ್ನ ಅಂಕ, ನಿನ್ನ ಕಾಲೇಜಿನ ಕೆಲಸ, ಎಲ್ಲಕ್ಕೂ ನನಗೆ ಹೊಟ್ಟೆಕಿಚ್ಚಿದೆ. ಆದರೂ ನಿನ್ನ ಕನಿಕರ ಗಂಟಲಲ್ಲಿ ಇಳಿಯುತ್ತಿಲ್ಲ. ಫೇಲಾದವರಲ್ಲಿ ನಲ್ಲಿ ನೀರಿನವರೂ ಬೇಕಾದಷ್ಟಿದ್ದರು.

ಮಗಳನ್ನು ಭಾನುವಾರವೇ ಬಂದು ಕರೆದುಕೊಂಡು ಹೋಗು, ನನಗೆ ಓದುವುದಿದೆ. ನಿನ್ನ ಹಳೆಯ ಪುಸ್ತಕಗಳನ್ನು ತರಬೇಡ. ನೀನು ಗೆರೆ ಎಳೆದ ಸಾಲುಗಳನ್ನೇ ನೋಡುತ್ತಾ ಕೂತುಬಿಡುತ್ತೇನೆ. ಹೊಸವನ್ನು ಕೊಂಡಿದ್ದೇನೆ, ಪರೀಕ್ಷೆಗೆ ಮತ್ತೆ ಕೂರುತ್ತೇನೆ.

ನಿನ್ನ ತಂಗಿ