ರಾತ್ರಿ ಎಂಟರ ಊಟ

೨೦೨೫ ಡಿಸೆಂಬರ್ ೧೪, ಭಾನುವಾರ

ಆ ಕಾರ್ಡು ಇನ್ನೂ ಮೇಜಿನ ಮೇಲೆಯೇ ಇದೆ. ಗೆಳತಿ ಸಾಧನಾ ತನ್ನ ಮಗಳ ಮದುವೆಗೆ ಕರೆಯಲು ಬಂದಿದ್ದಳು. ಮಧ್ಯಾಹ್ನದ ಊಟ ಮುಂಡಾಜೆಯ ರೆಸಾರ್ಟಿನಲ್ಲಿ, ಆಯ್ದ ನೂರು ಜನರಿಗೆ ಮಾತ್ರ. ಅವರಿಗೆಲ್ಲ ಬೆಳ್ಳಿ ಡಬ್ಬಿಯಲ್ಲಿ ಆಮಂತ್ರಣವಂತೆ. ನನಗೆ ಕೊಟ್ಟದ್ದು ಬರೀ ಕಾರ್ಡು.

“ಬೇಜಾರು ಮಾಡ್ಬೇಡ ಮಾರಾಯ್ತಿ, ಜನ ಕಮ್ಮಿ ಇದ್ರೇ ಗೌರವ ಅಂತ ಬೀಗರು ಹೇಳ್ತಾರೆ. ರಾತ್ರಿ ಎಂಟಕ್ಕೆ ಎಲ್ಲರಿಗೂ ಊಟ ಉಂಟು. ನೀನು ಊಟ ಮಾಡಿಯೇ ಹೋಗ್ಬೇಕು.”

ಹೊತ್ತು ಮುಳುಗಿದ ಮೇಲೆ ನಾನು ಉಣ್ಣುವುದಿಲ್ಲ. ನನ್ನಂತೆಯೇ ಜೈನಳಾದ ಅವಳಿಗೆ ಇದನ್ನು ಹೇಳಬೇಕೇ? ಹಾಸ್ಟೆಲಿನಲ್ಲಿ ನಾನು ಓದುತ್ತಾ ಮೈಮರೆತರೆ, ಬೆಳಕಿರುವಾಗಲೇ ತಟ್ಟೆ ಹಿಡಿದು ಓಡಿ ಬರುತ್ತಿದ್ದವಳು ಅವಳೇ.

“ಬರ್ತೇನೆ” ಎಂದೆ.

ಮರೆತಿದ್ದಾಳೆ ಎಂದೇ ಅಂದುಕೊಳ್ಳುತ್ತೇನೆ. ನೆನಪಿದ್ದೂ ಕರೆದಿದ್ದರೆ...